ಘಾಟಿಯಿಂದ ಕಂಡ ಕಡಲು

ಮರವಂತೆಯಿಂದ ಕಡಲಿಗೆ ಇಳಿದು ಪೂರ್ವಕ್ಕೆ ತಿರುಗಿ ನೋಡಿದರೆ ಕೊಡಚಾದ್ರಿ ಕಾಣುತ್ತದೆ. ಅಪ್ಪನ ಕಾಲದಲ್ಲಿ ದೋಣಿಯಲ್ಲಿ ಜಿಪಿಎಸ್ ಇರಲಿಲ್ಲ. ಆ ಶಿಖರ ಯಾವ ತೆಂಗಿನ ತೋಪಿನ ನೇರಕ್ಕೆ ಬಂತು ಎಂದು ನೋಡಿ ಬಲೆ ಬಿಡುತ್ತಿದ್ದರು. ನಾನೂ ಮೀನುಗಾರನೇ ಆದೆ. ನಾವು ಗುಡ್ಡವನ್ನು ಇಷ್ಟು ನೋಡುತ್ತೇವಲ್ಲ, ಅಲ್ಲಿರುವವರಿಗೆ ನಾವು ಕಾಣುತ್ತೇವೆಯೇ ಎಂಬ ಕುತೂಹಲ ಮಾತ್ರ ಚಿಕ್ಕಂದಿನಿಂದ ಹೋಗಿರಲಿಲ್ಲ. ನಲವತ್ತು ದಾಟಿದರೂ ಆ ಕಡೆಯ ಘಾಟಿ ಹತ್ತಿದವನಲ್ಲ.

ಕಳೆದ ಮಳೆಗಾಲ, ದೋಣಿಗಳೆಲ್ಲ ದಡದಲ್ಲಿದ್ದಾಗ, ಒಂದು ಬೆಳಿಗ್ಗೆ ಮಳೆ ನಿಂತು ಹೊಳವಾಯಿತು. ಬೈಕ್ ಹೊರಗೆ ತೆಗೆದೆ.

“ಈ ಮಳಿಯಂಗೆ ಒಬ್ರೇ ಎಲ್ಲಿಗೆ ಹೋಪುದ್?” ಎಂದಳು ಹೆಂಡತಿ.

“ಘಾಟಿ ಕಂಡ್ಕಂಡ್ ಬತ್ತೆ.”

ಹೆಮ್ಮಾಡಿಯಲ್ಲಿ ಹೆದ್ದಾರಿ ಬಿಟ್ಟಾಗ ಬಿಸಿಲು. ವಂಡ್ಸೆ ದಾಟುವಾಗ ಹನಿ. ಕೊಲ್ಲೂರಿನಲ್ಲಿ ಮತ್ತೆ ಬಿಸಿಲು ಬಂತೆಂದು ರೇನ್‌ಕೋಟು ಬಿಚ್ಚಿ ಮಡಚುವಷ್ಟರಲ್ಲಿ ಧೋ ಎಂದು ಸುರಿಯಿತು. ಘಾಟಿಯ ನಾಲ್ಕನೆಯ ತಿರುವಿನಲ್ಲಿ ಮಳೆ ನಿಂತು ಮಂಜು ಇಳಿಯಿತು. ಬೈಕಿನ ಮುಂದಿನ ಚಕ್ರವೇ ಕಾಣದಷ್ಟು ಮಂಜು.

ಕಡಲಿನಲ್ಲಿ ಹೀಗಾದರೆ ಇಂಜಿನ್ ನಿಲ್ಲಿಸಿ ಕಿವಿಗೊಡುತ್ತೇವೆ. ಇಲ್ಲೂ ಹಾಗೆಯೇ ಮಾಡಿದೆ. ಎಡಗಡೆ ಎಲ್ಲೋ ಆಳದಲ್ಲಿ ನೀರು ಬೀಳುವ ಸದ್ದು. ಅಂದರೆ ಪ್ರಪಾತ ಆ ಕಡೆ. ಬಲಕ್ಕೆ ಸರಿದು, ರಸ್ತೆಯ ಅಂಚಿನಲ್ಲಿ ಸುರಕ್ಷಿತವಾಗಿದ್ದೇನೆ ಎಂದುಕೊಂಡು ನಿಂತೆ. ಅಷ್ಟರಲ್ಲಿ ಎದುರಿಗೆ ಎರಡು ಹಳದಿ ದೀಪ, ಕಿವಿ ಒಡೆಯುವ ಹಾರ್ನು. ಬಸ್ಸಿನ ಬಾಗಿಲಿನಿಂದ ಕಂಡಕ್ಟರ್ ಕೂಗಿದ:

“ಹ್ವಾಯ್! ರೋಡಿನ ನಡು ಎಂತಕೆ ನಿಂತದ್ದ್? ಬದಿಗೆ ಬನ್ನಿ ಮಾರಾಯ್ರೆ!”

ಬೈಕನ್ನು ಬದಿಗೆ ತಳ್ಳಿದೆ. ಬಿರುಗಾಳಿಯಲ್ಲೂ ದೋಣಿ ನಡೆಸಿದವನಿಗೆ ಹನ್ನೆರಡು ಅಡಿ ರಸ್ತೆಯಲ್ಲಿ ದಿಕ್ಕು ತಪ್ಪಿತ್ತು.

ಸ್ವಲ್ಪ ಮೇಲೆ ತಗಡಿನ ಮಾಡಿನ ಒಂದು ಚಾ ಅಂಗಡಿ. ನಡೆಸುತ್ತಿದ್ದವರು ಐವತ್ತೈದರ ಹೆಂಗಸು, ಘಾಟಿಯ ಕೆಳಗಿನ ಕೆರಾಡಿ ಕಡೆಯಿಂದ ಮದುವೆಯಾಗಿ ಬಂದವರು. ಮರವಂತೆಯವನೆಂದಾಗ ಅವರ ಕಣ್ಣು ಅರಳಿತು.

“ಅಕ್ಕಾ, ಇಲ್ಲಿಂದ ಸಮುದ್ರ ಕಾಣ್ತಾ?”

“ಕಾಣ್ತ್. ಇನ್ನೊಂದ್ ಗಳಿಗೆ ಕೂಕಣಿ.”

ಚಾ ಮುಗಿಯುವಾಗ ಮಂಜು ಒಂದು ಕಡೆಯಿಂದ ಸರಿಯಿತು. ಕಾಡಿನ ಆಚೆ, ತೆಂಗಿನ ಹಸಿರಿನ ಆಚೆ, ಬೂದು ಬಣ್ಣದ ಒಂದು ಪಟ್ಟಿ. ಅಷ್ಟೇ. ನಾವು ಮೂರು ತಲೆಮಾರು ಬದುಕಿದ ಕಡಲು ಬೆರಳಿನಷ್ಟು ಅಗಲವಿತ್ತು. ಮರವಂತೆ ಯಾವುದೆಂದು ಹುಡುಕಿದೆ, ಗುರುತು ಸಿಗಲಿಲ್ಲ.

“ಆ ಗೆರಿ ಕಪ್ಪಾರೆ ಅರ್ಧ ಗಂಟಿಯಂಗೆ ಇಲ್ಲಿ ಮಳಿ,” ಎಂದರು ಅವರು. “ಅದನ್ನ್ ಕಂಡೇ ನಾನ್ ಬಟ್ಟಿ ಒಣ್ಸುದ್.”

ನನಗೆ ನಗು ಬಂತು. ಅಪ್ಪ ಇವರ ಗುಡ್ಡ ನೋಡಿ ಬಲೆ ಹಾಕುತ್ತಿದ್ದರು, ಇವರು ನಮ್ಮ ಕಡಲು ನೋಡಿ ಬಟ್ಟೆ ಹರವುತ್ತಾರೆ. ಹಾಗೆಂದಾಗ ಅವರೂ ಬಾಯಿಗೆ ಸೆರಗು ಹಿಡಿದು ನಕ್ಕರು.

“ಅಕ್ಕ, ನೀವ್ ಕಡಲಿಗೆ ಇಳ್ದಿರ್ಯಾ?”

“ಒಂದ್ ಸಲ ಬಸ್ಸಿಂದ ಕಂಡದ್. ಇಳುಕ್ ಆಯಿಲ್ಲ.”

ನಮ್ಮ ಮನೆ ಎಲ್ಲಿದೆಯೆಂದು ಹೇಳಿ, ಮಳೆಗಾಲ ಕಳೆದ ಮೇಲೆ ಬನ್ನಿ ಎಂದೆ. ಬರುತ್ತಾರೆ ಎಂದುಕೊಂಡಿರಲಿಲ್ಲ.

ನವರಾತ್ರಿ ಮುಗಿದ ಮರುವಾರ ಆ ಅಕ್ಕ ಮಗಳ ಜೊತೆ ಬಂದೇಬಿಟ್ಟರು. ಊಟಕ್ಕೆ ಮುಂಚೆಯೇ ದಡಕ್ಕೆ ಹೋಗಬೇಕೆಂದರು. ಸೀರೆ ಎತ್ತಿ ಹಿಡಿದು ಗಟ್ಟಿಯಾಗಿ ನಿಂತರು. ಮೊದಲ ತೆರೆ ಬಂದು ಮೊಣಕಾಲು ತೋಯಿಸಿ ಹಿಂದೆ ಹೋಯಿತು. ಅವರು ಚೀರಿ ನನ್ನ ಹೆಂಡತಿಯ ತೋಳು ಹಿಡಿದುಕೊಂಡರು.

“ಅಬ್ಬಾ, ಕಾಲಿನಡಿ ಮಣ್ಣೇ ಓಡ್ತಲೆ!”

ಎರಡನೆಯ ತೆರೆಗೆ ಅವರೇ ಇನ್ನೆರಡು ಹೆಜ್ಜೆ ಮುಂದೆ ಹೋದರು.