ಕೂರ್ಮಪ್ಪನ ಏಕಾದಶಿ

ಪಪ್ಪಾಯಿ ಹಣ್ಣನ್ನು ಎರಡು ಹೋಳು ಮಾಡಿದಾಗ ಏಳುವ ವಾಸನೆ ಎಲ್ಲರಿಗೂ ಹಿಡಿಸುವಂಥದ್ದಲ್ಲ. ಎರ್ನಾಕುಳದ ಪಾಲಾರಿವಟ್ಟಂನ ನನ್ನ ಅಡುಗೆಮನೆಯಲ್ಲಿ ಈಗಲೂ ಆ ವಾಸನೆ ಬಂದದ್ದೇ ತಡ, ತಿರುವನಂತಪುರದ ಬಾಡಿಗೆ ಮನೆಯ ಕೆಂಪು ನೆಲದ ಜಗಲಿ, ಅದರ ತಂಪಿನಲ್ಲಿ ಕಾಲು ಚಾಚಿ ಕುಳಿತ ಅಜ್ಜಿ, ಅಜ್ಜಿಯ ಎದುರು ಕತ್ತು ಉದ್ದ ಮಾಡಿ ನಿಂತ ಆಮೆ, ಮೂರೂ ಒಟ್ಟಿಗೆ ಬಂದುಬಿಡುತ್ತವೆ. ಆಗ ನನಗೆ ಎಂಟು ವರ್ಷ. ನಮ್ಮ ಕಾಸರಗೋಡು ಹೊಸ ಕೇರಳ ರಾಜ್ಯಕ್ಕೆ ಸೇರಿದ ಮೇಲೆ, ಸರಕಾರದ ಕಾಗದಪತ್ರಗಳನ್ನು ಕನ್ನಡಕ್ಕೆ ಇಳಿಸುವ ಕೆಲಸಕ್ಕೆಂದು ಅಪ್ಪನನ್ನು ತಿರುವನಂತಪುರಕ್ಕೆ ಕಳಿಸಿದ್ದರು. ಅಪ್ಪನ ಹಿಂದೆ ಅಮ್ಮ, ಅಮ್ಮನ ಹಿಂದೆ ನಾನು, ನನ್ನ ಹಿಂದೆ ಉಪ್ಪಿನಕಾಯಿ ಭರಣಿಯನ್ನು ತಬ್ಬಿಕೊಂಡು ಅಪ್ಪನ ತಾಯಿ.

ಅಜ್ಜಿಗೆ ಮಲಯಾಳ ಬರುತ್ತಿರಲಿಲ್ಲ, ಕಲಿಯುವ ಮನಸ್ಸೂ ಇರಲಿಲ್ಲ. ದಿನವಿಡೀ ಕಚೇರಿಯಲ್ಲಿ ಕನ್ನಡ ಬರೆದು ದಣಿದ ಅಪ್ಪ ಮನೆಗೆ ಬಂದ ಮೇಲೆ ಯಾವ ಭಾಷೆಯಲ್ಲೂ ಮಾತಾಡುತ್ತಿರಲಿಲ್ಲ. ನಾನಂತೂ ಶಾಲೆಗೆ ಸೇರಿದ ಆರು ತಿಂಗಳಲ್ಲಿ ಪೂರಾ ಆ ಊರಿನವಳಾಗಿದ್ದೆ. ಅಜ್ಜಿ ಕನ್ನಡದಲ್ಲಿ ದೋಸೆ ಬೇಕಾ ಎಂದು ಕೇಳಿದರೆ "ವೇಂಡ" ಎಂದು ಹೇಳಿ ಓಡುತ್ತಿದ್ದೆ. ಆ "ಬೇಡ" ಅಜ್ಜಿಗೆ ಅರ್ಥವಾಗುತ್ತಿತ್ತು, ಆದರೂ ಮುಖ ಸಣ್ಣದಾಗುತ್ತಿತ್ತು. ನನಗೆ ಅದು ಕಾಣುತ್ತಿತ್ತು ಎಂಬುದನ್ನೂ ಇಲ್ಲಿ ಒಪ್ಪಿಕೊಳ್ಳಬೇಕು.

ಪಕ್ಕದ ಮನೆಯ ಪಿಳ್ಳೆಯವರು ಅರಣ್ಯ ಇಲಾಖೆಯಿಂದ ನಿವೃತ್ತರಾದವರು. ಅವರ ಹಿತ್ತಿಲಲ್ಲಿ ಮೂರು ಕಾಡು ಆಮೆಗಳಿದ್ದವು. ನನ್ನ ಕಾಟ ತಡೆಯಲಾರದೆ ಅವರು ಒಂದನ್ನು ಬುಟ್ಟಿಯಲ್ಲಿ ತಂದುಕೊಟ್ಟರು. "ಏಕಾದಶಿ ಮನೆಗೆ ಶಿವರಾತ್ರಿ ಬಂದ ಹಾಗಾಯ್ತು," ಎಂದು ಅಮ್ಮ ಗೊಣಗಿದಳು. ಬಾಡಿಗೆ ಮನೆಯಲ್ಲಿ ನಮಗೇ ತರಕಾರಿ ಸಾಲುತ್ತಿರಲಿಲ್ಲ, ಇನ್ನು ಅದಕ್ಕೆಲ್ಲಿಂದ? ಪಿಳ್ಳೆಯವರು ಮಲಯಾಳದಲ್ಲಿ ವಿಧಿ ಹೇಳಿದರು, ಅಪ್ಪ ರೂಢಿಯಂತೆ ಚುಟುಕಾಗಿ ಕನ್ನಡಕ್ಕೆ ಇಳಿಸಿದರು. ಹುಲ್ಲು, ಸೊಪ್ಪು, ಅಣಬೆ ದಿನವೂ ಆಗಬಹುದು. ಹಣ್ಣು ಮಾತ್ರ ತಿಂಗಳಿಗೆ ಎರಡೇ ದಿನ, ಅದೂ ಹೆಬ್ಬೆರಳಿನಷ್ಟು. ಹೆಬ್ಬೆರಳಿನ ಮಾತು ಬರುವಷ್ಟರಲ್ಲಿ ಅಜ್ಜಿಯ ಕಿವಿ ಮುಚ್ಚಿತ್ತು. ತಿಂಗಳಿಗೆ ಎರಡು ದಿನ ಎಂದದ್ದೇ ಅವಳಿಗೆ ಸಾಕಾಗಿತ್ತು.

"ಏಕಾದಶಿ ಅಲ್ಲದೆ ಮತ್ತೆಂತ ಮಾರಾಯ?" ಎಂದಳು ಅಪ್ಪನಿಗೆ. "ಕೂರ್ಮಾವತಾರ ಅಲ್ವಾ, ಅದಕ್ಕೆ ಪಂಚಾಂಗ ಗೊತ್ತುಂಟು."

ಅಂದಿನಿಂದ ಆಮೆ ಕೂರ್ಮಪ್ಪನಾಯಿತು, ಅಜ್ಜಿಯ ಜೊತೆ ಏಕಾದಶಿ ಹಿಡಿಯತೊಡಗಿತು. ನಮ್ಮ ಕಡೆಯ ಉಪವಾಸ ನಿಮಗೂ ಗೊತ್ತಿರಬಹುದು. ಅನ್ನ ಮುಟ್ಟದಿದ್ದರೆ ಆಯಿತು, ಹಣ್ಣಿಗೆ ಲೆಕ್ಕವಿಲ್ಲ. ಅಜ್ಜಿ ಎರಡು ಬಾಳೆಲೆ ತುಂಡು ಹಾಸಿ, ತನಗೊಂದು ನೇಂದ್ರ ಬಾಳೆಹಣ್ಣು, ಅದಕ್ಕೊಂದು, ತನಗೊಂದು ಹೋಳು ಪಪ್ಪಾಯಿ, ಅದಕ್ಕೊಂದು, ಹೀಗೆ ಭೇದವಿಲ್ಲದೆ ಬಡಿಸುತ್ತಿದ್ದಳು. ಬಡಿಸುತ್ತ ಊರಿನ ಸುದ್ದಿಯೆಲ್ಲ ಹೇಳುತ್ತಿದ್ದಳು: ಯಾರ ಮದುವೆಯಲ್ಲಿ ಪಾಯಸ ಅಡಿಹಿಡಿಯಿತು, ಯಾವ ನಾದಿನಿ ಯಾರ ಬಳೆ ಕೇಳಿ ಪಡೆದು ಹಿಂದೆ ಕೊಡಲಿಲ್ಲ. ಕೂರ್ಮಪ್ಪ ಮುಖಕ್ಕೆಲ್ಲ ಪಪ್ಪಾಯಿ ಮೆತ್ತಿಕೊಂಡು, ಕಣ್ಣು ಮಿಟುಕಿಸಿ ಕೇಳುತ್ತಿತ್ತು. "ಈ ಮನೆಯಲ್ಲಿ ನನಗೆ ಮಲಯಾಳದಲ್ಲಿ ಉತ್ತರ ಕೊಡದೆ ಇರುದು ಇದೊಂದೇ," ಎನ್ನುತ್ತಿದ್ದಳು, ನನಗೆ ಕೇಳುವಂತೆ.

ಹಣ್ಣಿನ ರುಚಿ ಹತ್ತಿದ ಮೇಲೆ ಕೂರ್ಮಪ್ಪನಿಗೆ ಹುಲ್ಲು ಸೇರಲಿಲ್ಲ. ದಾಸವಾಳದ ಎಲೆ ಇಟ್ಟರೆ ಅದರ ಮೇಲೆಯೇ ನಡೆದು ಹೋಗುತ್ತಿತ್ತು. ಏಕಾದಶಿಯಂದು ಗಡದ್ದಾಗಿ ತಿಂದು, ಉಳಿದ ದಿನಗಳಲ್ಲಿ ನಿಜವಾದ ಉಪವಾಸ ಮಾಡುತ್ತಿತ್ತು. ಹಲಸಿನ ಕಾಲ ಬಂತು. ಒಂದು ಏಕಾದಶಿಯಂದು ಎಂಟು ಸೊಳೆ ತಿಂದ ಕೂರ್ಮಪ್ಪ ಮರುದಿನ ಬೆಳಿಗ್ಗೆ ಜಗಲಿಯನ್ನು ಯಾವ ಸ್ಥಿತಿಗೆ ತಂದಿತ್ತೆಂದರೆ ಅಮ್ಮ ಮೂಗಿಗೆ ಸೆರಗು ಹಿಡಿದು ನಾಲ್ಕು ಕೊಡ ನೀರು ಸುರಿಯಬೇಕಾಯಿತು. ಅದು ಮಾತ್ರ ತಲೆ ಒಳಗೆಳೆದುಕೊಂಡು ಕಲ್ಲಿನ ಹಾಗೆ ಮೂಲೆಯಲ್ಲಿ ಬಿದ್ದಿತ್ತು. ಪಿಳ್ಳೆಯವರು ಬಂದು ನೋಡಿದರು, ಬಾಳೆಲೆ ನೋಡಿದರು, ಅಜ್ಜಿಯನ್ನೂ ನೋಡಿದರು. ಇನ್ನೊಂದು ತಿಂಗಳು ಹಣ್ಣು ಮುಟ್ಟಿಸಬಾರದು, ಅಷ್ಟರಲ್ಲಿ ಸೊಪ್ಪು ತಿನ್ನದಿದ್ದರೆ ವಾಪಸು ಒಯ್ಯುತ್ತೇನೆ ಎಂದು ಅಪ್ಪನಿಗೆ ಹೇಳಿದರು. ಅಪ್ಪ ಈ ಸಲ ಒಂದಕ್ಷರ ಬಿಡದೆ ಕನ್ನಡಕ್ಕೆ ಇಳಿಸಿದರು.

ಮುಂದಿನ ಏಕಾದಶಿಗೆ ಅಜ್ಜಿ ಒಂದೂ ಹಣ್ಣು ಮುಟ್ಟಲಿಲ್ಲ. "ಅದು ನೋಡ್ತಾ ಕೂತಿರುವಾಗ ನಾನು ತಿನ್ನುದು ಹೇಗೆ?" ಎಂದು ಬರೀ ನೀರು ಕುಡಿದಳು. ಅಮ್ಮ ಬೇಡಿದಳು, ಅಪ್ಪ ಬೈದರು. ಅದರ ಮುಂದಿನದಕ್ಕೂ ಅದೇ ಹಟ. ಎಪ್ಪತ್ತು ದಾಟಿದ ಜೀವ. ಮಧ್ಯಾಹ್ನ ಏಳಲು ಹೋಗಿ ಕಣ್ಣು ಕತ್ತಲೆ ಬಂದು ಕಂಬ ಹಿಡಿದು ಹಾಗೇ ಕುಸಿದಳು. ಅಮ್ಮ ಒಳಗಿಂದ ನೀರು ತರಲು ಓಡಿದಳು. ಅಜ್ಜಿ ಸತ್ತೇ ಹೋಗುತ್ತಾಳೆ, ಆಮೆಯನ್ನು ತಾ ಎಂದು ಹಟ ಮಾಡಿದ ನಾನೇ ಅದಕ್ಕೆ ಕಾರಣ ಎನಿಸಿತು. ಅಂಗಳಕ್ಕೆ ಹಾರಿ ಒಂದು ಹಿಡಿ ಎಲೆ ಕಿತ್ತು ತಂದು ಕೂರ್ಮಪ್ಪನ ಮುಂದೆ ಮಂಡಿಯೂರಿದೆ. ಅದಕ್ಕೆ ಮಲಯಾಳ ಬರುವುದಿಲ್ಲವೆಂದು ಅಜ್ಜಿಯ ದೆಸೆಯಿಂದ ನಾನೂ ನಂಬಿದ್ದೆನಲ್ಲ!

"ತಿನ್ನು ಕೂರ್ಮಪ್ಪ, ನಿನ್ನ ಕಾಲಿಗೆ ಬೀಳ್ತೇನೆ. ನೀನು ತಿನ್ನದಿದ್ರೆ ಅಜ್ಜಿ ತಿನ್ನುದಿಲ್ಲ. ಅಜ್ಜಿ ಇಲ್ಲದಿದ್ರೆ ನಿನ್ನ ಹತ್ರ ಯಾರು ಮಾತಾಡುದು?"

ಅದು ತಲೆ ಹೊರಗೆ ಹಾಕಿತು. ಎಲೆಯನ್ನು ಮೂಸಿತು, ನನ್ನನ್ನು ನೋಡಿತು, ತುಂಬಾ ಹೊತ್ತು ಯೋಚಿಸಿತು. ಆಮೇಲೆ ಕಚ್ಚಿತು. ನಾಲ್ಕು ವಾರದ ಹಸಿವು ಅದನ್ನು ದಾರಿಗೆ ತಂದಿತ್ತೆಂದು ಈಗ ಅನಿಸುತ್ತದೆ, ಆದರೆ ಅಂದು ಅದು ನನ್ನ ಕನ್ನಡಕ್ಕೆ ಸೋತಿತೆಂದೇ ನಂಬಿದೆ. ಹಿಂದಿನಿಂದ ಅಜ್ಜಿಯ ಸ್ವರ ಬಂತು. "ಅಲ್ಲ ಮಗಾ, ನಿನಗೆ ಇಷ್ಟು ಚಂದ ಕನ್ನಡ ಬರ್ತದಾ? ಇಷ್ಟು ದಿನ ಎಲ್ಲಿಟ್ಟಿದ್ದಿ?" ಎಂದಳು. ಬಾಳೆಹಣ್ಣು ಸುಲಿದು ಕೊಟ್ಟೆ. ತಿಂದಳು. ಕಣ್ಣೀರು ಬಾಳೆಹಣ್ಣಿನ ಮೇಲೆ ಬೀಳುತ್ತಿತ್ತು, ಆಮೆಗೆ ಕಾಣದಂತೆ ಸೆರಗು ಅಡ್ಡ ಹಿಡಿದೇ ತಿಂದಳು.

ಮರುವರ್ಷ ಅಪ್ಪನಿಗೆ ಎರ್ನಾಕುಳಕ್ಕೆ ವರ್ಗವಾಯಿತು. ಬಸ್ಸಿನಲ್ಲಿ ಕೂರ್ಮಪ್ಪನ ಬುಟ್ಟಿ ಅಜ್ಜಿಯ ತೊಡೆಯ ಮೇಲಿತ್ತು, ಅಜ್ಜಿ, ನಾನು, ಕೂರ್ಮಪ್ಪ, ಮೂವರೂ ದಾರಿಯುದ್ದಕ್ಕೂ ಕನ್ನಡ ಮಾತಾಡಿದೆವು. ಅಲ್ಲಿನ ಎಡಪ್ಪಳ್ಳಿಯ ಮನೆಯಲ್ಲಿ ಅಜ್ಜಿ ಇನ್ನೂ ಎರಡು ಮಳೆಗಾಲ ಇದ್ದಳು. ಏಕಾದಶಿಗೆ ಅವಳ ಎಲೆಯಲ್ಲಿ ತುಂಬ ಹಣ್ಣು, ಕೂರ್ಮಪ್ಪನಿಗೆ ನನ್ನ ಹೆಬ್ಬೆರಳು ಅಳೆದು ಒಂದು ತುಂಡು. ಅವಳು ಹೋದ ಮೇಲೆ ತಿರುವನಂತಪುರದಿಂದ ಪಿಳ್ಳೆಯವರೇ ಬಂದು ಅದನ್ನು ಕಾಡಿಗೆ ಬಿಡಲು ಒಯ್ದರು. ಆ ಮನೆಯೂ ಈಗಿಲ್ಲ, ಅಂಗಳದ ಮೇಲೆ ಅಂಗಡಿಗಳು ಎದ್ದಿವೆ.

ನನ್ನ ಮೊಮ್ಮಗಳಿಗೆ ಕನ್ನಡ ಅರ್ಥವಾಗುತ್ತದೆ. ಪಪ್ಪಾಯಿ ಬೇಕಾ ಮಗಾ ಎಂದು ಕೇಳಿದರೆ "ವೇಂಡ" ಎಂದು ಓಡುತ್ತಾಳೆ. ಆಗ ನನ್ನ ಮುಖ ಸಣ್ಣದಾಗುತ್ತದೋ ಏನೋ, ಗೊತ್ತಿಲ್ಲ. ಹೆಬ್ಬೆರಳಿನಷ್ಟು ಒಂದು ತುಂಡನ್ನು ತಟ್ಟೆಯ ಅಂಚಿಗೆ ಸರಿಸಿಡುತ್ತೇನೆ. ಅದನ್ನು ತಿನ್ನುವವರು ಯಾರೂ ಇಲ್ಲದ್ದರಿಂದ ಕೊನೆಗೆ ನಾನೇ ತಿನ್ನುತ್ತೇನೆ, ಅಜ್ಜಿಗೆ ಒಂದು ಮಾತು ಕನ್ನಡದಲ್ಲಿ ಹೇಳಿ.