ಗಿಡದಲ್ಲಿ ಅರಳದ ದಾಸವಾಳ

ನನ್ನ ದಾಸವಾಳ ಗಿಡ ಈ ಬೇಸಿಗೆಯಲ್ಲಿ ಕಡಿಮೆಯೆಂದರೂ ನಲವತ್ತು ಹೂವು ಬಿಟ್ಟಿದೆ. ಅದರಲ್ಲಿ ನಾನು ಗಿಡದ ಮೇಲೆ ನೋಡಿದ್ದು ಎಷ್ಟು ಗೊತ್ತೇ? ಸೊನ್ನೆ.

(ಗಣಿತದಲ್ಲಿ ನನಗೆ ಸೊನ್ನೆ ಹೊಸದಲ್ಲ. ಆದರೆ ಈ ಸೊನ್ನೆಗೆ ನಾನು ಕಾರಣನಲ್ಲ.)

ಹೋದ ಮಳೆಗಾಲದಲ್ಲಿ ಬರಗೂರಿನ ಅತ್ತೆ ಮನೆಯಿಂದ ಒಂದು ಗೇಣು ಕಡ್ಡಿ ತಂದೆ. ಅರ್ಧ ಬಾಟಲಿ ನೀರಲ್ಲಿ ನಿಲ್ಲಿಸಿ, ಹಸುಗೂಸಿನಂತೆ ಎದೆಗವಚಿಕೊಂಡು, ಶಿರಾದಲ್ಲಿ ಬಸ್ಸು ಬದಲಿಸಿ, ನಮ್ಮ ಬಡವನಹಳ್ಳಿಯವರೆಗೂ ನಿಂತೇ ಬಂದೆ. ಕಂಡಕ್ಟರ್ ಕಡ್ಡಿಗೂ ಟಿಕೆಟ್ ಕೇಳಿದ. (ಕೇಳಲಿಲ್ಲ. ನೋಡಿದ ರೀತಿ ಹಾಗಿತ್ತು.)

ನಮ್ಮ ಕಡೆಯ ಬಿಸಿಲು ನಿಮಗೆ ಗೊತ್ತಲ್ಲ. ಕಾಗೆಯೂ ನೆರಳು ಹುಡುಕಿಕೊಂಡು ನಡೆದು ಹೋಗುತ್ತದೆ. ಅಂಥದ್ದರಲ್ಲಿ ಅಕ್ಕಿ ತೊಳೆದ ನೀರು, ಪಾತ್ರೆ ಜಾಲಿಸಿದ ನೀರು ಹೊತ್ತು ಹಾಕಿದೆ. ಎಲೆಯಡಿ ಹಿಟ್ಟಿನಂಥ ಬಿಳಿ ಹುಳ ಬಂದಾಗ ಅಮ್ಮನ ಶಾಂಪೂ ನೀರಿಗೆ ಬೆರೆಸಿ ಒಂದೊಂದೇ ಎಲೆ ತಿಕ್ಕಿದೆ. ನನ್ನ ತಲೆಯನ್ನೂ ಅಷ್ಟು ಚೆನ್ನಾಗಿ ತಿಕ್ಕಿಕೊಂಡವನಲ್ಲ.

ಕೊನೆಗೂ ಮೊಗ್ಗು ಬಂತು. ಕ್ಲಾಸಿಗೆಲ್ಲ ಡಂಗುರ ಸಾರಿದೆ: ನಾಳೆ ನನ್ನ ಸ್ಟೇಟಸ್ ನೋಡಿ, ಊಟದ ತಟ್ಟೆಯಗಲದ ಹೂವು.

ಬೆಳಿಗ್ಗೆ ಎದ್ದರೆ ತೊಟ್ಟು ಮಾತ್ರ ಇದೆ. ಮರುದಿನವೂ ಅಷ್ಟೇ. ಅದರ ಮರುದಿನವೂ. ಒಂದು ದಿನ ಐದಕ್ಕೇ ಎದ್ದೆ. (ಅಮ್ಮ ಜ್ವರವೇನೋ ಎಂದು ಹಣೆ ಮುಟ್ಟಿ ನೋಡಿದರು.) ಆಗಲೂ ಇಲ್ಲ. ಕೋತಿಯ ಮೇಲೆ ಅನುಮಾನಪಟ್ಟೆ, ಮೇಕೆಯ ಮೇಲೂ. ಅಷ್ಟರಲ್ಲಿ ಕ್ಲಾಸಿನಲ್ಲಿ ನನಗೆ ‘ತಟ್ಟೆ’ ಎಂದೇ ಹೆಸರು ಬಿದ್ದಿತ್ತು.

ಒಂದು ಸಂಜೆ ಟ್ಯೂಷನ್‌ಗೆ ಚಕ್ಕರ್ ಹೊಡೆದು ಬೇಗ ಮನೆಗೆ ಬಂದೆ. ಪಕ್ಕದ ಮನೆಯ ಗೌರಜ್ಜಿ ಕಾಂಪೌಂಡಿನ ಮೇಲಿಂದ ಕೈ ಚಾಚಿ, ಬೆಳಿಗ್ಗೆ ಅರಳಲಿದ್ದ ಮೊಗ್ಗುಗಳನ್ನೇ ಆರಿಸಿ ಆರಿಸಿ ಕೀಳುತ್ತಿದ್ದರು. ಮುಖದಲ್ಲಿ ಗಾಬರಿ? ಎಳ್ಳಷ್ಟೂ ಇಲ್ಲ.

“ಅಜ್ಜಿ, ಏನ್ ಮಾಡ್ತಿದೀಯಾ?”

“ಕಣ್ ಕಾಣಲ್ವೇನ್ಲಾ? ಮೊಗ್ಗು ಬಿಡುಸ್ತಿದೀನಿ.”

“ಅರಳಕ್ಕಾದ್ರೂ ಬಿಡಬೇಕಲ್ವಾ?”

“ಅರಳಿದ್ ಮ್ಯಾಲೆ ಜೇನು ಕುಂತ್ಕತ್ತದೆ, ಇರುವೆ ಹೊಕ್ಕತ್ತದೆ. ಎಂಜಲು ಹೂವ ದೇವ್ರಿಗೆ ಹೆಂಗ್ಲಾ ಮುಡ್ಸದು? ಒದ್ದೆ ಬಟ್ಟೇಲಿ ಸುತ್ತಿ ಮಡಗಿದ್ರೆ ಬೆಳಗ್ಗೆ ದೇವ್ರ ಮುಂದೇನೇ ಅರಳ್ತದೆ.”

“ಗಿಡ ನೆಟ್ಟೋನು ನಾನು ಅಜ್ಜಿ.”

“ನೆಟ್ಟೋನು ನೀನು. ಮೊಗ್ಗು ಕೊಟ್ಟೋನು ಯಾರ್ಲಾ? ಅವನ್ದು ಅವನಿಗೆ ಹೋಗ್ತದೆ.”

ಇದು ಪಿಯುಸಿ ಸಿಲಬಸ್‌ನಲ್ಲಿಲ್ಲದ ಲೆಕ್ಕ.

ನನಗೆ ಉರಿದುಹೋಯಿತು. ಒಂದು ಲೋಟ ಸಕ್ಕರೆ ಬೇಕಾದರೆ ಕೇಳುತ್ತೀರಿ. ಏಣಿ ಬೇಕಾದರೆ ಕೇಳುತ್ತೀರಿ. ಹೂವಿಗೆ ಮಾತ್ರ ‘ದೇವರಿಗೆ’ ಅಂದುಬಿಟ್ಟರೆ ಗೇಟೂ ಇಲ್ಲ, ಬೇಲಿಯೂ ಇಲ್ಲ. ನಾನು ನಿಮ್ಮ ಅಡುಗೆಮನೆಗೆ ನುಗ್ಗಿ ಒಬ್ಬಟ್ಟಿನ ಡಬ್ಬಿಗೆ ಕೈ ಹಾಕಿ ‘ದೇವರಿಗೆ’ ಅಂದರೆ ಸುಮ್ಮನಿರುತ್ತೀರಾ? ದಾಸವಾಳ ಬದುಕುವುದೇ ಒಂದು ದಿನ. ಬೆಳಿಗ್ಗೆ ಅರಳಿ ಸಂಜೆಗೆ ಮುದುಡುತ್ತದೆ. ಆ ಒಂದು ದಿನವನ್ನೂ ಅದಕ್ಕೆ ಬಿಡುವುದಿಲ್ಲವೆಂದರೆ?

ಇಷ್ಟೆಲ್ಲ ಅಜ್ಜಿಗೆ ಹೇಳಿದೆನೇ? ಇಲ್ಲ. (ಅವರ ಕೈಯಲ್ಲಿ ಕೋಲಿತ್ತು.)

“ಒಂದೇ ಒಂದು ಬುಟ್ಬುಡಜ್ಜಿ. ಗಿಡದಾಗೆ ಅರಳಿರೋದ್ನ ನಾನು ಇನ್ನೂ ನೋಡೇ ಇಲ್ಲ,” ಎಂದೆ.

ಅಜ್ಜಿಯ ಕೈ ನಿಂತಿತು. “ನೋಡೇ ಇಲ್ವಾ? ಅಯ್ಯೋ ಮಂಕೆ, ಬಾಯಿ ಬುಟ್ಟು ಕೇಳಕ್ಕೇನಾಗಿತ್ತು? ತಗಾ, ಆ ತುದೀದು ನಿಂದು. ನಾನು ಮುಟ್ಟಲ್ಲ.”

ಕತ್ತಲಾಗುವವರೆಗೂ ಆ ಮೊಗ್ಗಿಗೆ ಕಾವಲು ಕೂತೆ. ಫಿಸಿಕ್ಸ್ ಪುಸ್ತಕವೂ ಜೊತೆಗಿತ್ತು, ಸೊಳ್ಳೆ ಹೊಡೆಯಲು. ಬೆಳಿಗ್ಗೆ ಆರಕ್ಕೆ ಫೋನಿನ ಕ್ಯಾಮೆರಾ ಒರೆಸಿಕೊಂಡು ಓಡಿದೆ.

ಮೊಗ್ಗಿಲ್ಲ.

“ಅಜ್ಜಿ, ಮಾತು ಕೊಟ್ಟಿದ್ದೆ ನೀನು,” ಎಂದು ಕಾಂಪೌಂಡಿನ ಮೇಲಿಂದಲೇ ಕೂಗಿದೆ.

“ನನ್ನಾಣೆಗೂ ಮುಟ್ಟಿಲ್ಲ ಕಣ್ಲಾ. ಒಳಗೋಗಿ ನಿಮ್ಮವ್ವನ್ನ ಕೇಳು,” ಎಂದರು ಗೌರಜ್ಜಿ.

ಒಳಗೆ ಊದುಬತ್ತಿಯ ಹೊಗೆ. ಗೋಡೆಯ ಮೇಲೆ, ತೀರಿಕೊಂಡ ತಾತನ ಫೋಟೊ. ಫೋಟೊದ ತಲೆಯ ಮೇಲೆ ಕೆಂಪಗೆ, ನಿಜವಾಗಿಯೂ ಊಟದ ತಟ್ಟೆಯಗಲಕ್ಕೆ, ನನ್ನ ದಾಸವಾಳ.

“ಅಮಾಸೆ ಕಣ್ಲಾ ಇವತ್ತು,” ಎಂದರು ಅಮ್ಮ. “ನೀನು ಒಳಗೆ ಬಂದ್ ಮ್ಯಾಲೆ ನಾನೇ ಕಿತ್ತಿಟ್ಟೆ. ಅಲ್ಲೇ ಬುಟ್ಟಿದ್ರೆ ಗೌರಜ್ಜಿ ಕಿತ್ಕಂಡ್ ಹೋಗ್ಬುಡ್ತಿತ್ತು.”

ತಾತ ಬದುಕಿದ್ದಾಗ ಯಾವ ಗಿಡಕ್ಕೂ ಒಂದು ಚೊಂಬು ನೀರು ಹಾಕಿದವರಲ್ಲ ಎಂದು ಹೇಳಿದ್ದು ಇದೇ ಅಮ್ಮ. ಈಗ ಹೂವು ಹೊತ್ತು ನಗುತ್ತಿದ್ದಾರೆ.

ವರ್ಷವೆಲ್ಲ ನೀರು ಹೊತ್ತವನಿಗೆ ಒಂದು ಹೂವು ಸಿಗಬೇಕಾದರೆ, ಅವನೂ ಗೋಡೆಯ ಮೇಲೆ ಫೋಟೊ ಆಗುವವರೆಗೂ ಕಾಯಬೇಕೇ?