ಅತ್ತೆಯ ಸಾಲು, ಯಂತ್ರದ ಸಾಲು

ಮಾವನ ಎಡಗಣ್ಣು ಬಲಗಣ್ಣಿಗಿಂತ ಸಣ್ಣದಾಗಿ ಕಾಣುತ್ತಿತ್ತು. ಹುಟ್ಟಿನಿಂದ ಬಂದದ್ದಲ್ಲ. ವರ್ಷಗಟ್ಟಲೆ ಒಂದೊಂದೇ ಶೇಂಗಾ ಕಾಳನ್ನು ಬೆರಳ ತುದಿಯಲ್ಲಿ ಹಿಡಿದು, ಬೆಳಕಿಗೆ ಒಡ್ಡಿ, ಮೇಲಿನ ಕೆಂಪು ಸಿಪ್ಪೆಗೆ ಎಲ್ಲಾದರೂ ಗೀರು ಬಿದ್ದಿದೆಯೇ ಎಂದು ಕಣ್ಣು ಕಿರಿದು ಮಾಡಿ ನೋಡಿ ನೋಡಿ ಅದು ಹಾಗೇ ನಿಂತುಬಿಟ್ಟಿತ್ತು. ಊಟಕ್ಕೆ ಕುಳಿತರೆ ರೊಟ್ಟಿಯನ್ನೂ ಅದೇ ಕಣ್ಣಿನಿಂದ ತಿರುಗಿಸಿ ನೋಡುತ್ತಿದ್ದ. "ದುಂಡಗ ಐತ್ರಿ, ಉಣ್ರಿ," ಎಂದು ಅತ್ತೆ ಹೇಳಿದ ಮೇಲೆಯೇ ಮುರಿಯುತ್ತಿದ್ದ.

ಅವನು ನನ್ನ ತಾಯಿಯ ತಮ್ಮ. ತಾಯಿ ತೀರಿಕೊಂಡ ಮೇಲೆ ನಾನು ಬೆಟಗೇರಿಯ ಅವನ ಮನೆಯಲ್ಲೇ ಬೆಳೆದೆ, ಅಲ್ಲಿಂದಲೇ ಮದುವೆಯಾಗಿ ಗದಗಿಗೆ ಹೋದೆ. ಮಕ್ಕಳಿಲ್ಲದ ಆ ಇಬ್ಬರೂ ನನ್ನನ್ನು ಮಗಳ ಹಾಗೆ ಸಾಕಿದರು. ಆದರೂ ಮಾವನ ಮೇಲೆ ನನಗೆ ಸಿಟ್ಟಿದೆ. ಅವನು ಹೋಗಿ ಇಷ್ಟು ಕಾಲವಾದರೂ ಇದೆ. ಅದನ್ನು ಮುಚ್ಚಿಟ್ಟುಕೊಂಡು ಅವನ ಬಗ್ಗೆ ಒಳ್ಳೊಳ್ಳೆಯ ಮಾತು ಬರೆಯಲು ನನ್ನಿಂದ ಆಗುವುದಿಲ್ಲ.

ಗದಗಿನಲ್ಲಿ ಹತ್ತಿಯಿಂದ ಬೀಜ ಬಿಡಿಸುವ ಜಿನ್ನಿನಲ್ಲಿ ಅವನು ಫಿಟ್ಟರ್. ನಿಂತ ಯಂತ್ರದ ಮೈಮೇಲೆ ಕೈಯಿಟ್ಟು ಎಲ್ಲಿ ನೋವಿದೆ ಎಂದು ಹೇಳುವವನು ಎಂದು ಹೆಸರಿತ್ತು. ಕೆಂಪು ಸಿಪ್ಪೆಗೆ ಗೀರು ಬಿದ್ದ ಕಾಳು ಮೊಳೆಯುವುದಿಲ್ಲವೆಂದು, ಆಗ ನಮ್ಮ ಕಡೆ ಬಿತ್ತುವ ಶೇಂಗಾವನ್ನು ಹೆಂಗಸರು ಕೈಯಿಂದಲೇ ಸುಲಿಯಬೇಕಿತ್ತು. ಮುಂಗಾರಿಗೆ ಮೊದಲು ಹೊಂಬಳ, ಹರ್ತಿಯ ರೈತರು ಬಂಡಿಯಲ್ಲಿ ಚೀಲ ತಂದು ನಮ್ಮ ಓಣಿಯಲ್ಲಿ ಇಳಿಸುತ್ತಿದ್ದರು. ಕಟ್ಟೆಕಟ್ಟೆಯ ಮೇಲೂ ಹೆಂಗಸರು, ಮೊರ, ಸಿಪ್ಪೆಯ ಗುಡ್ಡೆ. ಒಂದು ವಾರ ಕಳೆಯುವಷ್ಟರಲ್ಲಿ ಎಲ್ಲರ ಹೆಬ್ಬೆರಳೂ ಬಿರಿಯುತ್ತಿತ್ತು. ಅತ್ತೆ ಹಳೆಯ ಸೀರೆಯ ಚಿಂದಿ ಸುತ್ತಿಕೊಂಡು ಹಲ್ಲಿನಿಂದ ಗಂಟು ಎಳೆದು ಮತ್ತೆ ಸುಲಿಯಲು ಕೂಡುತ್ತಿದ್ದಳು. ಒಂದು ಸಂಜೆ ಖಾರ ಕಲಸುವಾಗ ಆ ಸೀಳಿಗೆ ಖಾರ ತಗುಲಿ ಅವಳು ಕೈ ಒದರಿದ್ದನ್ನು ಮಾವ ನೋಡಿದ.

"ನಿನ್ನ ಕೈಗೆ ಈ ಕೆಲಸ ತಪ್ಪಿಸ್ತೇನಿ. ಯಂತ್ರ ಮಾಡ್ತೇನಿ," ಅಂದ.

ಮಾತಿಗೆ ಅಂದದ್ದಲ್ಲ. ಜಿನ್ನಿನ ಕೆಲಸ ಬಿಟ್ಟ. ಹಿತ್ತಲಲ್ಲಿ ತಗಡಿನ ಶೆಡ್ಡು ಹಾಕಿದ. ಬಾಗಿಲ ಮೇಲೆ ಕಾರ್ಖಾನೆಯ ಬೋರ್ಡು ಬರೆಸಿ ಹೊಡೆದ, ಮೊದಲ ಯಂತ್ರ ಮಾರಿದ ದಿನ ತೆಗೆಯುವುದೆಂದು ಅದಕ್ಕೆ ಗೋಣಿತಟ್ಟು ಮುಚ್ಚಿದ. ಸಂಬಳ ನಿಂತಿತು. ಅಲ್ಲಿಂದ ಮುಂದೆ ಆ ಮನೆಯ ಒಲೆ ಉರಿದದ್ದು ಅತ್ತೆ ಶೇಂಗಾ ಸುಲಿದ ಕೂಲಿಯಿಂದ. ಅವಳ ಕೈಗೆ ವಿಶ್ರಾಂತಿ ಕೊಡಲು ಹೊರಟವನು ಅವಳ ಕೈಗೆ ಇಮ್ಮಡಿ ಕೆಲಸ ಕೊಟ್ಟ.

ಯಂತ್ರವೇನೋ ಬೇಗನೇ ಆಯಿತು. ಅರ್ಧ ಪೀಪಾಯಿಯಂಥ ತೊಟ್ಟಿ, ತಳಕ್ಕೆ ಕಬ್ಬಿಣದ ಜಾಲರಿ, ಮೇಲೆ ಹಿಂದೆ ಮುಂದೆ ತೂಗುವ ಹಿಡಿಕೆ. ತೂಗಿದರೆ ಕಾಯಿ ಜಾಲರಿಗೆ ಉಜ್ಜಿ ಒಡೆದು ಕಾಳು ಕೆಳಗೆ ಬೀಳುತ್ತಿತ್ತು. ಕೆಲವು ಕಾಳು ಒಡೆಯುತ್ತಿದ್ದವು, ಅಷ್ಟೇ. ಆದರೆ ಮಾವ ಒಂದು ನೇಮ ಮಾಡಿಕೊಂಡಿದ್ದ. ಪ್ರತಿ ಮುಂಗಾರಿಗೆ ಹಿತ್ತಲಲ್ಲಿ ಎರಡು ಸಾಲು ಬಿತ್ತುವುದು. ಒಂದರಲ್ಲಿ ಅತ್ತೆ ಸುಲಿದ ಕಾಳು, ಪಕ್ಕದ್ದರಲ್ಲಿ ಯಂತ್ರ ಸುಲಿದದ್ದು. ಎರಡೂ ಸರಿಸಮ ಹುಟ್ಟಿದ ವರ್ಷವೇ ಯಂತ್ರ ಮಾರುವುದು. "ಬಾವಿ ನೀರು ಹಾಕಿ ನಡುವ ಒಮ್ಮೆ ನೋಡಬಾರದೇನ್ರಿ?" ಎಂದು ಅತ್ತೆ ಕೇಳಿದರೆ, "ರೈತ ಬಿತ್ತೂ ಹೊತ್ತಿಗೇ ಬಿತ್ತಬೇಕು," ಎನ್ನುತ್ತಿದ್ದ. ಹಾಗಾಗಿ ಅವನಿಗೆ ವರ್ಷಕ್ಕೆ ಒಂದೇ ಅವಕಾಶ. ಪ್ರತಿ ವರ್ಷವೂ ಅತ್ತೆಯ ಸಾಲು ಒತ್ತಾಗಿ ಏಳುತ್ತಿತ್ತು, ಯಂತ್ರದ ಸಾಲಿನಲ್ಲಿ ಅಲ್ಲಲ್ಲಿ ಬಯಲು. ಮಾವ ಯಂತ್ರವನ್ನು ಬಿಚ್ಚಿ ಹಾಕುತ್ತಿದ್ದ. ಒಂದು ವರ್ಷ ಹಿಡಿಕೆಯ ತಳಕ್ಕೆ ಮರ, ಮುಂದಿನ ವರ್ಷ ತೊಗಲು, ಅದರ ಮುಂದೆ ಸೈಕಲ್ ಟಾಯರಿನ ತುಂಡು.

ಸ್ವಾತಂತ್ರ್ಯ ಬಂದ ದಿನ ಓಣಿಯಲ್ಲಿ ಪೇಡೆ ಹಂಚಿದರು. ನೆರೆಯವರು ಶೆಡ್ಡಿನ ಮುಂದೆ ನಿಂತು, ಇಂಥ ದಿನ ಮತ್ತೆ ಬರುವುದಿಲ್ಲ, ಗೋಣಿ ತೆಗೆಯಿರಿ ಎಂದರು. ಮಾವ ತಲೆಯಾಡಿಸಿದ. "ಇನ್ನೂ ಕಾಳು ಒಡ್ಯಾಕತ್ತಾವ. ನಾಳೆ ರೈತನ ಮಾರಿ ಹ್ಯಾಂಗ ನೋಡ್ಲಿ?"

"ಒಡದದ್ದು ಗಾಣಕ್ಕ ಹೋಗ್ತೈತಿ, ಇಡೀದು ಬಿತ್ತಾಕ ಹೋಗ್ತೈತಿ," ಅಂದಳು ಅತ್ತೆ. "ಆರಿಸಿ ಕೊಡಾಕ ನಾವು ಹೆಣ್ಮಕ್ಕಳು ಇಲ್ಲೇನು? ದೇಶಕ್ಕ ಸ್ವಾತಂತ್ರ್ಯ ಎಲ್ಲಾ ಸರಿ ಆದಮ್ಯಾಲ ಬಂತೇನ್ರಿ? ಮದಲ ಬಂತು. ಇನ್ನ ಸರಿ ಮಾಡ್ಕೋತ ಹೋಗ್ತಾರ."

"ದೇಶದ್ದು ಬ್ಯಾರೆ, ಯಂತ್ರದ್ದು ಬ್ಯಾರೆ," ಎಂದು ಮಾವ ಒಳಗೆ ಹೋದ. ಅತ್ತೆ ತನ್ನ ಪಾಲಿನ ಪೇಡೆಯನ್ನು ನನ್ನ ಕೈಗಿಟ್ಟು ಮೊರದ ಮುಂದೆ ಕುಳಿತಳು. ಹನಿಗೂಡಿದರೆ ಹಳ್ಳ, ತೆನೆಗೂಡಿದರೆ ಬಳ್ಳ ಎಂಬ ಮಾತನ್ನು ಅವಳು ಆಗಾಗ ಹೇಳುತ್ತಿದ್ದಳು. ಮಾವನಿಗೆ ಹೇಳುವುದನ್ನು ಬಿಟ್ಟು ಶೇಂಗಾಕ್ಕೆ ಹೇಳುತ್ತಿದ್ದಳು.

ಜಿಪುಣತನ ಮಾವನಲ್ಲಿ ಇರಲಿಲ್ಲ. ಲಕ್ಷ್ಮೇಶ್ವರದ ಕಂಬಾರನೊಬ್ಬ ಸುದ್ದಿ ಕೇಳಿ ಯಂತ್ರ ನೋಡಲು ಬಂದಾಗ ತೊಟ್ಟಿ, ಜಾಲರಿ, ಹಿಡಿಕೆ ಎಲ್ಲವನ್ನೂ ಬಿಚ್ಚಿ ತೋರಿಸಿದ, ಮೇಲೆ ಊಟವನ್ನೂ ಹಾಕಿಸಿದ. ಆ ಕಂಬಾರ ಮುಂದಿನ ಸುಗ್ಗಿಗೆ ತನ್ನದೊಂದು ಯಂತ್ರ ಮಾಡಿ ಶಿರಹಟ್ಟಿ ಸಂತೆಗೆ ತಂದ. ನೋಡಲು ವಿಕಾರ, ತೂಗಿದರೆ ಓಣಿಯೆಲ್ಲ ಕೇಳುವಂಥ ಕಿರುಚಾಟ. ಮಾವ ಹೋಗಿ ನೋಡಿ ಬಂದು, "ಅದು ಯಂತ್ರಲ್ಲ, ಬೀಸೂ ಕಲ್ಲು," ಎಂದು ನಕ್ಕ. ಆದರೆ ಜನ ಕೊಂಡರು. ಮರುವರ್ಷ ಕಂಬಾರ ಜಾಲರಿ ಬದಲಿಸಿದ, ಅದರ ಮರುವರ್ಷ ಹಿಡಿಕೆ. ಒಮ್ಮೆ ಬೆಟಗೇರಿಗೆ ಬಂದವನು ಕಟ್ಟೆಯ ಮೇಲೆ ಕುಳಿತು ಚಹಾ ಕುಡಿಯುತ್ತ ಹೇಳಿದ ಮಾತು ನನಗಿನ್ನೂ ನೆನಪಿದೆ.

"ನನ್ನ ಯಂತ್ರ ಕಾಳು ಒಡೀತಾವ, ಖರೆ ಅಣ್ಣಾರ. ರೈತರು ಬಂದು ಬಾಯಿಗೆ ಬಂದಂಗ ಬೈತಾರ. ಎಲ್ಲಿ ಬೈದ್ರು ಅಲ್ಲಿ ರಿಪೇರಿ ಮಾಡ್ತೇನಿ. ನಿಮ್ಮ ಯಂತ್ರ ಯಾರೂ ಬೈದೇ ಇಲ್ಲ. ಅದಕ್ಕ ಎಲ್ಲಿ ಕೆಟ್ಟೈತಿ ಅಂತ ನಿಮಗ ತಿಳಿವಲ್ದು."

ಮಾವ ಕೈಯಲ್ಲಿದ್ದ ಕಾಳನ್ನು ಬೆಳಕಿಗೆ ಹಿಡಿದ.

ನಮ್ಮ ಕನ್ನಡ ಸೀಮೆಗಳೆಲ್ಲ ಕೂಡಿ ಒಂದು ರಾಜ್ಯವಾಗುತ್ತವೆ ಎಂಬ ಮಾತು ಗಟ್ಟಿಯಾದ ವರ್ಷ ಮಾವ ತಾನಾಗಿಯೇ ಒಂದು ಮಾತು ಕೊಟ್ಟ. "ಈ ಸಲ ಸಾಲು ಸಮ ಹುಟ್ಟಿದ್ರ, ರಾಜ್ಯ ಒಂದಾಗೂ ದಿನ ಗೋಣಿ ತಗೀತೇನಿ." ಅಷ್ಟು ಹೊತ್ತಿಗೆ ಅತ್ತೆಯ ಬಲಗೈ ಮಡಚಲು ಬರುತ್ತಿರಲಿಲ್ಲ. ರೊಟ್ಟಿಯನ್ನು ಅಂಗೈಯ ಬುಡದಿಂದ ತಟ್ಟುತ್ತಿದ್ದಳು. ಆ ವರ್ಷ ನಾನು ತವರಿಗೆಂದು ಅಲ್ಲಿಗೇ ಬಂದಿದ್ದೆ. ಮಳೆಯಾಯಿತು, ಬಿತ್ತಿದ್ದಾಯಿತು, ಮೊಳಕೆ ಎದ್ದವು. ಯಂತ್ರದ ಸಾಲು ಚೆನ್ನಾಗಿಯೇ ಇತ್ತು. ಅತ್ತೆಯ ಸಾಲು ಮುದುಕಿಯ ಬಾಯಿಯಂತೆ ಸಂದಿ ಸಂದಿ. ಯಂತ್ರ ಗೆದ್ದಿತ್ತು. ನಾನು ಬೆಲ್ಲ ತರಲು ಒಳಗೆ ಓಡಿದೆ.

ತಿರುಗಿ ಬಂದರೆ ಮಾವ ಮೊಣಕಾಲೂರಿ ಅತ್ತೆಯ ಸಾಲನ್ನು ಕೆದರುತ್ತಿದ್ದ. ಕೊಳೆತ ಕಾಳುಗಳನ್ನು ಅಂಗೈಯಲ್ಲಿಟ್ಟು ನೋಡುತ್ತಿದ್ದ. "ನಿನ್ನ ಕೈ ಹಿಂಗ ತಪ್ಪಂಗಿಲ್ಲ," ಅಂದ.

ಅತ್ತೆ ಮುಚ್ಚಿಡಲಿಲ್ಲ. "ಹುಳುಕು ಕಾಳು ನಾನ ಹಾಕೇನ್ರಿ. ವರ್ಷಾ ಸುಲಿಯೂವಾಗ ಕೆಟ್ಟದ್ದು ಬೆರಳಿಗೆ ಹತ್ತಿದ ಕೂಡ್ಲೆ ಒಗೀತೇನಿ. ಯಂತ್ರಕ್ಕ ಬಟ್ಟು ಎಲ್ಲಿ ಅದಾವು? ಒಳ್ಳೇದೂ ಕೆಟ್ಟದ್ದೂ ಕೂಡೇ ಕೆಡವತೈತಿ ಅದು. ಅದಕ್ಕ ನನ್ನ ಸಾಲು ಗೆಲ್ಲತೈತಿ. ನಿಮ್ಮ ಯಂತ್ರ ಸರಿ ಆಗಿ ಭಾಳ ದಿನ ಆತ್ರಿ. ಇನ್ನ ಸಾಕು ಮಾಡ್ರಿ."

ಇಷ್ಟು ಬಿಡಿಸಿ ಹೇಳಿದ ಮೇಲೆ ಯಾರಿಗಾದರೂ ಕಣ್ಣು ತೆರೆಯಬೇಕು. ಮಾವ ದಿನವಿಡೀ ಯೋಚಿಸಿದ. ಮರುದಿನ ಮುಖ ತೊಳೆದು ಬಂದು ಉತ್ಸಾಹದಿಂದ ಹೇಳಿದ. "ನೀ ಹೇಳಿದ್ದು ಖರೆ ಐತಿ. ಹಂಗಾದ್ರ ಆರಿಸೂದನ್ನೂ ಯಂತ್ರಕ್ಕ ಕಲಿಸಬೇಕು."

ಅತ್ತೆ ಬೈಯಲಿಲ್ಲ. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು.

ರಾಜ್ಯ ಒಂದಾದ ದಿನ ಗದಗಿನಲ್ಲಿ ಮೆರವಣಿಗೆ, ಬಾಜಾ ಭಜಂತ್ರಿ. ಕೆಲವು ಊರುಗಳು ಗಡಿಯಾಚೆ ಉಳಿದವು ಎಂದು ಜನ ಕಟ್ಟೆಯ ಮೇಲೆ ನೊಂದುಕೊಳ್ಳುತ್ತಿದ್ದರು. "ಉಳಿದಾವಂತ ರಾಜ್ಯಾನ ಬ್ಯಾಡ ಅಂದ್ರೇನು?" ಎಂದು ಅತ್ತೆ ಯಾರಿಗೋ ಹೇಳಿದ್ದು ಶೆಡ್ಡಿನೊಳಗೆ ಕೇಳಿಸಿರಬೇಕು. ಅರ ತಿಕ್ಕುವ ಸದ್ದು ಒಂದು ಗಳಿಗೆ ನಿಂತು ಮತ್ತೆ ಶುರುವಾಯಿತು. ಬೋರ್ಡಿನ ಮೇಲಿನ ಗೋಣಿ ಹಾಗೇ ಇತ್ತು.

ಆಮೇಲೆ ಬಹಳ ವರ್ಷ ಅತ್ತೆ ಬದುಕಲಿಲ್ಲ. ಚಳಿಗಾಲದ ಜ್ವರ ಅವಳನ್ನು ಒಯ್ದಿತು. ಮೈ ತೊಳೆಯುವಾಗ ಹೆಂಗಸರು ಹೆಬ್ಬೆರಳಿನ ಚಿಂದಿ ಬಿಚ್ಚಲು ಹೋದರು, ಗಂಟು ಬಿಚ್ಚಲಿಲ್ಲ. ಹಾಗೇ ಕಳಿಸಿದೆವು. ಬಾಗಿಲಲ್ಲಿ ನಿಂತಿದ್ದ ಮಾವ, "ಇನ್ನೊಂದು ವರ್ಷ ಸಾಕಿತ್ತು," ಅಂದ. ಯಾರಿಗೆ ಅಂದನೋ.

ಮುಂದಿನ ಮುಂಗಾರಿಗೆ ಅವನು ಒಂದು ಚೀಲ ಶೇಂಗಾ ಹೊತ್ತು ಗದಗಿನ ನನ್ನ ಮನೆಗೆ ಬಂದ. "ನೀ ಸುಲದು ಕೊಡವಾ ಮಗಳ. ಸಾಲಿಗೆ ಸಾಲು ಬೇಕಲ್ಲ." ಬೇಡ ಎನ್ನಬೇಕೆಂದುಕೊಂಡೆ, ಆಗಲಿಲ್ಲ. ಸುಲಿದು ಕೊಟ್ಟೆ. ಮೊಳಕೆ ಎದ್ದ ಮೇಲೆ ಹೇಳಿ ಕಳಿಸಿದ, ಹೋದೆ. ಯಂತ್ರದ ಸಾಲು ನನ್ನ ಸಾಲಿಗಿಂತ ಒತ್ತಾಗಿತ್ತು. ಅತ್ತೆಯ ಕೈ ನನಗೆಲ್ಲಿಂದ ಬರಬೇಕು?

"ಗೆದ್ದಿ ಮಾವಾ. ಗೋಣಿ ತಗೀಲೇನು?"

ಅವನು ಸಾಲಿನುದ್ದಕ್ಕೂ ಎರಡು ಸಲ ಓಡಾಡಿದ. ಆಮೇಲೆ ಮಣ್ಣಿನಲ್ಲೇ ಕುಳಿತ. "ಇದು ಹೋದ ವರ್ಷನೂ ಹಿಂಗ ಇತ್ತು," ಅಂದ. "ಅದರ ಹಿಂದಿನ ವರ್ಷನೂ ಹಿಂಗ ಇತ್ತು. ನಾ ಆಕಿ ಸಾಲು ನೋಡ್ಕೋತ ಕುಂತೆ. ಇದರ ಸಾಲು ನೋಡಲೇ ಇಲ್ಲ." ಅಂಗೈಗೆ ಹತ್ತಿದ ಮಣ್ಣು ಒರೆಸಿಕೊಂಡು, "ಗೋಣಿ ಇರ್ಲಿ ಬಿಡು. ಇನ್ನ ಯಾರ ಕೈ ಉಳಸೂದೈತಿ," ಅಂದ. ಶೆಡ್ಡಿಗೆ ಮತ್ತೆ ಹೋಗಲಿಲ್ಲ. ಅವನು ತೀರಿಕೊಳ್ಳುವ ಹೊತ್ತಿಗೆ ಎಂಜಿನ್ನಿನ ಯಂತ್ರಗಳು ಬಂದು, ಕಂಬಾರನ ಕೈಯಂತ್ರವನ್ನೂ ಯಾರೂ ಕೇಳುತ್ತಿರಲಿಲ್ಲ. ಮಾವನದು ಹಳೆ ಕಬ್ಬಿಣ ಕೊಳ್ಳುವ ಮೋಡಕಾ ಸಾಮಾನಿನವನ ಗಾಡಿಯಲ್ಲಿ ಹೋಯಿತು, ಬೋರ್ಡು ಗೋಣಿಯ ಸಮೇತ ಹೋಯಿತು.

ಒಂದು ಮಾತು ಬಿಟ್ಟೆ. ಆ ಕೊನೆಯ ಸಾಲಿಗೆಂದು ಸುಲಿಯುವಾಗ ನನ್ನ ಹೆಬ್ಬೆರಳೂ ಬಿರಿದು ರಕ್ತ ಬಂತು. ಎದುರಿಗೆ ಕುಳಿತಿದ್ದ ಮಾವ ಗಾಬರಿಯಾಗಿ ತನ್ನ ಧೋತರದ ಅಂಚನ್ನು ಹರಿದು, ಸೀಳಿಗೆ ಎಣ್ಣೆ ಸವರಿ, ನೋಯದಂತೆ ಸುತ್ತಿ, ಸಣ್ಣ ಗಂಟು ಹಾಕಿದ. ಗಂಟು ಬಿಗಿಯಾಯಿತೇ ಎಂದು ಎರಡು ಸಲ ಕೇಳಿದ. ಫಿಟ್ಟರನ ಕೈ, ಎಷ್ಟು ಚೆಂದ ಕಟ್ಟಿತ್ತು. ನಾನು ಕೈ ಕೊಟ್ಟು ಕುಳಿತಿದ್ದೆ. ಅತ್ತೆಯ ಹೆಬ್ಬೆರಳಿಗೆ ಅವನು ಚಿಂದಿ ಕಟ್ಟಿದ್ದನ್ನು ನಾನು ಆ ಮನೆಯಲ್ಲಿ ಒಮ್ಮೆಯೂ ನೋಡಿರಲಿಲ್ಲ.